ನೀರು ತೂಗಿದ ತೊಟ್ಟಿಲು

ಖಾಲಿ ತೊಟ್ಟಿಲು ತೂಗಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ತೂಗಿದರೆ ಕೂಸಿಗೆ ಕೇಡಂತೆ. ಚಿಕ್ಕವಳಿದ್ದಾಗ ಇದೊಂದು ಕಾರಣಕ್ಕೆ ಅವ್ವನ ಕೈಯಲ್ಲಿ ಎಷ್ಟೋ ಸಲ ಏಟು ತಿಂದಿದ್ದೇನೆ; ಬೇಡ ಎಂದದ್ದನ್ನು ಮಾಡುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಆದರೆ ನನ್ನ ಮಗಳ ಖಾಲಿ ತೊಟ್ಟಿಲು ತೂಗುವುದನ್ನು ಕಂಡ ದಿನ ಅದರ ಮೇಲೆ ಯಾರ ಕೈಯೂ ಇರಲಿಲ್ಲ.

ಗಂಡನ ಮನೆ ಗಜೇಂದ್ರಗಡ, ಮಗ್ಗದ ಸದ್ದಿನ ಮನೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ತವರು ನರಗುಂದದ ಕಡೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಕೂಸಿಗೆ ಹದಿನೆಂಟು ದಿನ. ನಮ್ಮೂರಲ್ಲಿ ಮಳೆಯ ಹನಿಯೂ ಇರಲಿಲ್ಲ, ಬಿಸಿಲು ಚಲೋ ಬಿದ್ದಿತ್ತು. ಮೇಲೆ ಎಲ್ಲೋ ಮಳೆಯಾಗಿ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಊರು ಬಿಡಿರಿ ಎಂದು ಮುಂಜಾನೆಯೇ ಮೈಕಿನಲ್ಲಿ ಕೂಗಿ ಹೋಗಿದ್ದರು. ಹಸಿ ಬಾಣಂತಿಯನ್ನು ಗಾಳಿಗೆ ಒಯ್ಯಬಾರದೆಂದು ಅವ್ವ ಮಧ್ಯಾಹ್ನದವರೆಗೂ ಹಟ ಹಿಡಿದಳು.

ನೀರು ಸದ್ದೇ ಮಾಡದೆ ಬಂತು. ಹೊಳೆ ಬಂದರೆ ಭೋರ್ಗರೆಯುತ್ತದೆ ಎಂದುಕೊಂಡಿದ್ದೆ. ಇದು ಅಂಗಳ ದಾಟಿ, ಹೊಸ್ತಿಲು ಹತ್ತಿ, ಕರೆಯದೆ ಬಂದ ನೆಂಟರ ಹಾಗೆ ಒಳಗೆ ನಡೆದು ಬಂತು. ಟ್ರ್ಯಾಕ್ಟರಿನ ಟ್ರಾಲಿ ಓಣಿಗೆ ಬರುವಷ್ಟರಲ್ಲಿ ನೀರು ಮೊಣಕಾಲ ಮೇಲಕ್ಕೆ ಏರಿತ್ತು. ಅವ್ವ ಕೂಸನ್ನು ಎದೆಗೆ ಅವಚಿಕೊಂಡು ಮುಂದೆ ಹೋದಳು, ನಾನು ತಲೆಗೆ ಕಟ್ಟಿದ ಬಟ್ಟೆ ಹಿಡಿದುಕೊಂಡು ಹಿಂದೆ. ಬಾಗಿಲಲ್ಲಿ ತಿರುಗಿ ನೋಡಿದೆ. ನಾನು ಮಲಗುವ ಹೊರಸಿನ ಪಕ್ಕ ಕೈಗೆಟಕುವಂತೆ ಗಿಡ್ಡಕ್ಕೆ ಕಟ್ಟಿದ್ದ ತೊಟ್ಟಿಲಿನ ತಳವನ್ನು ನೀರು ಮುಟ್ಟಿತ್ತು. ತೊಟ್ಟಿಲು ತೂಗುತ್ತಿತ್ತು. ನಿದ್ದೆ ಹತ್ತಿದ ಕೂಸನ್ನು ತೂಗುವಾಗ ಕೈ ಹೇಗೆ ಮೆತ್ತಗಾಗುತ್ತದೋ, ಅಷ್ಟೇ ಮೆತ್ತಗೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಖರೇ ಆಗಿಬಿಡುತ್ತದೆ ಎನ್ನಿಸಿತು.

ಶಿರೋಳದ ಕಡೆ ಎತ್ತರದಲ್ಲಿದ್ದ ಒಂದು ಸಾಲಿಯಲ್ಲಿ ನಮ್ಮನ್ನು ಇಳಿಸಿದರು. ಒಂದೊಂದು ಕೋಣೆಯಲ್ಲಿ ಏಳೆಂಟು ಮನೆಯವರು. ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ಹೊರಗೆ ಹೊಲಗಳೆಲ್ಲ ನೀರು. ಬಿಸಿಲು ನೀರಿಗೆ ಬಿದ್ದು, ಅದರ ಬೆಳಕು ಕಿಟಕಿಯಿಂದ ಬಂದು ಚಾವಣಿಯ ಮೇಲೆ ಹರಿದಾಡುತ್ತಿತ್ತು. ಮಲಗಿ ಮೇಲೆ ನೋಡಿದರೆ ನಾವೇ ನೀರಿನ ತಳದಲ್ಲಿ ಇದ್ದೇವೆ ಎನ್ನಿಸುತ್ತಿತ್ತು.

ಅಲ್ಲಿ ಅನ್ನ ಸಾರು ಕೊಟ್ಟರು. ಅವ್ವ ಮುಟ್ಟಲು ಬಿಡಲಿಲ್ಲ. ಅನ್ನ ತಂಪು, ಬಾಣಂತಿಗೆ ನಂಜು ಎಂದಳು. ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿಯ ಡಬ್ಬಿ ಮನೆಯಲ್ಲೇ ಮುಳುಗಿತ್ತು. ಇನ್ನು ನೀರಂತೂ ಕೇಳಲೇಬಾರದು.

"ಭಾಳ ನೀರ ಕುಡೀಬಾರ್ದವಾ. ಹೊಟ್ಟಿ ಬರ್ತೈತಿ, ಕೂಸಿಗೆ ನೆಗಡಿ ಆಗ್ತೈತಿ."

ಮುಂಜಾನೆ ಅರ್ಧ ಲೋಟ, ಸಂಜೆ ಅರ್ಧ ಲೋಟ. ಕಣ್ಣು ಹಾಯಿಸಿದಷ್ಟು ದೂರ ನೀರು, ನನ್ನ ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡಿತ್ತು. ಬೇಡ ಎಂದದ್ದನ್ನು ಮಾಡುವ ನನ್ನ ಚಾಳಿ ಆಗ ಎಲ್ಲಿ ಹೋಗಿತ್ತೋ, ಕಾಣೆ.

ಮೊದಲ ದಿನ ಕೂಸು ಅತ್ತಿತ್ತು. ಎರಡನೆಯ ದಿನ ಕಡಿಮೆಯಾಯಿತು. ಮೂರನೆಯ ದಿನ ಅಳಲೇ ಇಲ್ಲ. ಬೇರೆಯವರ ಮಕ್ಕಳು ಕೋಣೆ ಕಿತ್ತುಹೋಗುವಂತೆ ಚೀರುತ್ತಿದ್ದರೆ ನನ್ನದು ಕಣ್ಣು ಅರ್ಧ ಮುಚ್ಚಿಕೊಂಡು ತೆಪ್ಪಗೆ ಮಲಗಿತ್ತು. ಹೆಂಗಸರೆಲ್ಲ ಬಂದು ಹೊಗಳಿದರು. "ಎಷ್ಟ ಶಾಣ್ಯಾ ಕೂಸು ನೋಡ್ರಿ. ತಾಯಿಗೆ ತ್ರಾಸ ಕೊಡಬಾರ್ದಂತ ಅದಕ್ಕೂ ತಿಳೀತೈತಿ." ಅವ್ವ ದೃಷ್ಟಿ ತೆಗೆದಳು.

ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಕೂಸು ಇಲ್ಲಿ ಇರಲಿಲ್ಲ. ಅದು ಅಲ್ಲಿ ತೊಟ್ಟಿಲಲ್ಲಿ ಇತ್ತು, ನೀರು ಅದನ್ನು ತೂಗಿ ಮಲಗಿಸಿತ್ತು. ನನ್ನ ಮಡಿಲಲ್ಲಿದ್ದದ್ದು ಬರೀ ಅರಿವೆಯ ಗಂಟು. ಈ ಮಾತು ಬರೆಯಲು ಈಗಲೂ ನಾಚಿಕೆಯಾಗುತ್ತದೆ: ಎದೆ ಬತ್ತಿತ್ತು, ಮನಸ್ಸೂ ಬತ್ತಿತ್ತು, ಆ ಮುಖ ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಚಾವಣಿಯ ಬೆಳಕು ನೋಡುತ್ತ ಸುಮ್ಮನೆ ಕೂತಿರುತ್ತಿದ್ದೆ. ನನ್ನನ್ನೂ ಶಾಣ್ಯಾ ಬಾಣಂತಿ ಎಂದೇ ಹೊಗಳಿದರು.

ಅದೇ ದಿನ ಮಧ್ಯಾಹ್ನ ಬಳೆಗಾರ ಅಜ್ಜಿ ಬಂದಳು. ನರಗುಂದದ ಮುಸಲ್ಮಾನರ ಮನೆಯ ಮುದುಕಿ. ಬಸುರಿಯಿದ್ದಾಗ ನನ್ನ ಕುಬುಸದ ಕಾರ್ಯಕ್ಕೆ ಹಸಿರು ಬಳೆ ಇಟ್ಟವಳು ಅವಳೇ. ಊರೂರು ತಿರುಗಿ ಬಳೆ ಮಾರಿದವಳಿಗೆ ಗುರುತಿಲ್ಲದ ಮನೆಯಿಲ್ಲ, ಮಗನ ಜೊತೆ ರೊಟ್ಟಿ ಬುತ್ತಿ ಹಂಚಲು ಬಂದಿದ್ದಳು. ನನ್ನ ಮುಖ ನೋಡಲಿಲ್ಲ, ಅಭ್ಯಾಸದಂತೆ ಕೈ ಹಿಡಿದಳು. ಎರಡು ತಿಂಗಳ ಹಿಂದೆ ಎಣ್ಣೆ ಹಚ್ಚಿ ಬಿಗಿಯಾಗಿ ಏರಿಸಿದ್ದ ಬಳೆಗಳು ಜಾರಿ ಮೊಣಕೈಗೆ ಹೋದವು. ಅವಳು ತಟ್ಟನೆ ಕೂಸಿನ ಕಡೆ ತಿರುಗಿದಳು.

"ಕೂಸು ಯಾವಾಗ ಅತ್ತಿತ್ತು?"

"ಅಳೂದಿಲ್ಲ ಅದು, ಭಾಳ ಶಾಣ್ಯಾ," ಎಂದಳು ಅವ್ವ.

ಅಜ್ಜಿ ಕೂಸಿಗೆ ಸುತ್ತಿದ ಅರಿವೆ ಬಿಚ್ಚಿದಳು. ಉಚ್ಚೆಯ ಹಸಿಯೂ ಇಲ್ಲದೆ ಅದು ಒಣಗಿಯೇ ಇತ್ತು. ಬೆರಳಿನಿಂದ ಕೂಸಿನ ಅಂಗಾಲಿಗೆ ತಟ್ಟಿದಳು. ಕೂಸು ಬಾಯಿ ತೆರೆಯಿತು, ಸ್ವರ ಬರಲಿಲ್ಲ.

"ಶಾಣ್ಯಾ ಅಲ್ಲ ಇದು. ಹಸದೈತಿ. ಅಳಾಕೂ ಕಸುವಿಲ್ಲ. ಲಗೂ ನೀರ ತರ್ರಿ, ಈಕಿಗೆ."

"ಹಸೀ ಬಾಣಂತಿಗೆ ನೀರ ಕೊಡ್ತೀಯೇನಬೇ?" ಅವ್ವ ಅಡ್ಡ ಬಂದಳು.

"ಆಕಳಿಗೆ ನೀರ ಕುಡಿಸದೇ ಹಾಲ ಹಿಂಡ್ತೀಯೇನವಾ ನೀ?"

ಅವ್ವ ಬದಿಗೆ ಸರಿದಳು. ಕಾಸಿ ಆರಿಸಿದ ನೀರನ್ನು ತಂಬಿಗೆಯಿಂದಲೇ ಕುಡಿದೆ. ಕುಡಿಯುತ್ತ ಕುಡಿಯುತ್ತ ಅಳು ಬಂತು, ತೊಟ್ಟಿಲಿನ ಮಾತು ಬಾಯಿಂದ ಬಿದ್ದುಹೋಯಿತು. ಅಜ್ಜಿ ನಗಲಿಲ್ಲ. "ತೂಗಿದ್ದು ನೀರು. ಆ ಪಾಪ ನೀರಿಗೇ ಹತ್ತಲಿ. ನೀ ಕೂಸಿನ್ನ ಎತ್ಕೋ," ಎಂದಳು. ಕುಪ್ಪಸ ಬಿಚ್ಚಿಸಿ ಕೂಸನ್ನು ಬರಿಮೈಯಲ್ಲೇ ನನ್ನ ಎದೆಗೆ ಒತ್ತಿದಳು. ಹಿಂಡಿ ಹಿಂಡಿ ಬಂದ ನಾಲ್ಕು ಹನಿಯನ್ನು ಅದರ ತುಟಿಗೆ ಸವರಿದಳು. ಅದು ತುಟಿ ಚೀಪಿತು. ಮಗನಿಗೆ ಗಾಡಿ ತರಲು ಹೇಳಿ ನಮ್ಮನ್ನು ನರಗುಂದದ ದವಾಖಾನಿಗೆ ಕರೆದೊಯ್ದಳು. ಇನ್ನೊಂದು ದಿನ ತಡೆದಿದ್ದರೆ ಕೂಸು ದಕ್ಕುತ್ತಿರಲಿಲ್ಲ ಎಂದು ಅಲ್ಲಿ ನರ್ಸಮ್ಮ ಅವ್ವನಿಗೆ ಬೈದಳು. ಅವ್ವ ತಲೆ ಎತ್ತಲಿಲ್ಲ. ಪಾಪ, ಅವಳನ್ನೂ ಅವಳ ಅವ್ವ ಹಾಗೆಯೇ ಒಣಗಿಸಿದ್ದಳು.

ಮರುದಿನ ಮಧ್ಯಾಹ್ನ ಕೂಸು ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ಸ್ವರ. ಅದು ನನ್ನ ಮಗಳು ಎಂದು ನನಗೆ ಅನ್ನಿಸಿದ್ದು ಆಗಲೇ, ಹೆತ್ತ ದಿನವಲ್ಲ.

ನೀರು ಇಳಿದ ಮೇಲೆ ಮನೆಗೆ ಹೋದೆವು. ಗೋಡೆಗೆ ಎದೆಮಟ್ಟ ಕೆಸರಿನ ಗೆರೆ. ತೊಟ್ಟಿಲು ಹಗ್ಗದಲ್ಲಿ ಹಾಗೆಯೇ ನೇತಾಡುತ್ತಿತ್ತು. ಒಳಗೆ ಕೂಸಿನ ಆಕಾರದಲ್ಲಿ ಹೊಳೆಯ ರೇವೆ ಮಣ್ಣು ಕೂತಿತ್ತು, ತಲೆಯ ಕಡೆ ದುಂಡಗೆ, ಕಾಲಿನ ಕಡೆ ಸಣ್ಣಗೆ. ಅವ್ವ ಅದನ್ನು ಕೈಯಿಂದ ಬಾಚಿ ತೆಗೆದಳು. ಆ ತೊಟ್ಟಿಲನ್ನು ನಾನು ಮತ್ತೆ ಮುಟ್ಟಲಿಲ್ಲ.

ಮಗಳು ಈಗ ಸಾಲಿಗೆ ಹೋಗುತ್ತಾಳೆ. ಮಗ್ಗದ ಸದ್ದನ್ನೂ ಮೀರಿಸುವ ಗಂಟಲು. ಎಂಥ ಗಯ್ಯಾಳಿಯನ್ನು ಹೆತ್ತೀ ಎಂದು ಅತ್ತೆ ಅನ್ನುತ್ತಾರೆ, ನಾನು ನಗುತ್ತೇನೆ. ರವಿವಾರ ಮಧ್ಯಾಹ್ನ ಅವಳಿಗೆ ಒಮ್ಮೊಮ್ಮೆ ಗಾಢ ನಿದ್ದೆ ಹತ್ತುತ್ತದೆ. ಆಗ ಹೋಗಿ ಅಂಗಾಲಿಗೆ ಬೆರಳಿನಿಂದ ತಟ್ಟುತ್ತೇನೆ. "ಯವ್ವಾ, ಮಲಗಾಕ ಬಿಡಬೇ," ಎಂದು ಅವಳು ಸಿಟ್ಟಿನಿಂದ ಚೀರುವ ತನಕ ತಟ್ಟುತ್ತೇನೆ.