ಚಿಪ್ಪಿನ ಕೋಣೆಯ ಅಕ್ಕ

ಬಸವನಹುಳು, ಶಂಖ, ಕವಡೆ, ಆಕ್ಟೋಪಸ್ ಎಲ್ಲ ಒಂದೇ ವಂಶದವು. ಇದು ನಿಮಗೆ ಗೊತ್ತಿರಬೇಕಿತ್ತು. ಶಾಲೆಯಲ್ಲಿ ಹೇಳಿದ್ದರು, ನೀವು ಕಿಟಕಿಯಾಚೆ ನೋಡುತ್ತಿದ್ದಿರಿ.

ವಸ್ತುಸಂಗ್ರಹಾಲಯದ ಚಿಪ್ಪಿನ ಕೋಣೆ ಗುಡಿಸುವ ಚಿಪ್ಪಕ್ಕನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಮೆತ್ತನೆಯ ಬ್ರಷ್ಷಿನಲ್ಲಿ ಒಂದೊಂದೇ ಚಿಪ್ಪಿನ ಧೂಳು ತೆಗೆಯುತ್ತ, ಪಕ್ಕದ ಚೀಟಿಗಳನ್ನು ಅಕ್ಷರ ಕೂಡಿಸಿ ಓದುತ್ತ ಕಲಿತದ್ದು.

ಆ ಕೋಣೆಗೆ ಅಧಿಕಾರಿಯಾಗಿ ಬಂದವಳು ಅವಳ ಒಡಹುಟ್ಟಿದ ತಂಗಿ. ಅಕ್ಕ ಶಾಲೆ ಬಿಟ್ಟು ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ.

ಮೊದಲ ವಾರವೇ ತಂಗಿ ಶಾಲಾಮಕ್ಕಳ ಮುಂದೆ ನಿಂತಳು. "ಇವನ್ನ ಮೃದ್ವಂಗಿ ಅಂತೀವಿ. ಅಂದ್ರೆ ಮೃದುವಾದ ಅಂಗ ಇರೋವು. ಇಂಗ್ಲಿಷಿನ ಮೊಲಸ್ಕ್ ಅನ್ನೋದೂ ಲ್ಯಾಟಿನ್ನಿನ 'ಮೊಲ್ಲಿಸ್'ನಿಂದ ಬಂದಿದ್ದು. ಅದಕ್ಕೂ ಮೆತ್ತಗಿರೋದು ಅಂತಲೇ ಅರ್ಥ. ಹೆಸರು ಬಂದಿದ್ದು ಚಿಪ್ಪಿನಿಂದಲ್ಲ, ಒಳಗಿನ ಮೈಯಿಂದ. ಆಕ್ಟೋಪಸ್‌ಗೆ ಚಿಪ್ಪೇ ಇಲ್ಲ, ಆದ್ರೂ ಅದು ಇದೇ ಮನೆತನ!"

ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲ ಮರೆಯಲ್ಲಿದ್ದ ಅಕ್ಕನ ಹೊಟ್ಟೆಗೆ ಕೆಂಡ ಬಿತ್ತು. ಲ್ಯಾಟಿನ್ನೊಂದನ್ನು ಬಿಟ್ಟರೆ ತನಗೆ ಗೊತ್ತಿಲ್ಲದ್ದು ಅವಳೇನು ಹೇಳಿದಳು? ಆ ಒಂದು ಪದಕ್ಕೆ ಮೇಜು, ಕುರ್ಚಿ, ಬಾಗಿಲ ಮೇಲೆ ಹೆಸರು!

"ಅಕ್ಕಾ, ಈ ತಗಡಿನ ಟ್ರೇ ನೋಡೋಕಾಗಲ್ಲ. ಉಗ್ರಾಣದಲ್ಲಿರೋ ಹಳೇ ಮರದ ಡ್ರಾಯರ್ ಹಾಕಿಸು. ಏನು ಚೆಂದ ಇದಾವೆ!"

"ನೀವು ಹೇಳಿದ್ಮೇಲೆ ಮುಗೀತು, ಮೇಡಂ."

"ಮೇಡಂ ಅಂತೆ! ನಾನು ನಿನ್ನ ತಂಗಿ ಕಣಕ್ಕ."

"ಬಾಗಿಲ ಮೇಲೆ ಹಂಗೇನೂ ಬರೆದಿಲ್ವಲ್ಲ."

ಆ ಡ್ರಾಯರುಗಳನ್ನು ಉಗ್ರಾಣಕ್ಕೆ ಸಾಗಿಸಿದ್ದೇ ಚಿಪ್ಪಕ್ಕ. ಆ ಮರದಿಂದ ಹುಳಿ ಆವಿ ಏಳುತ್ತದೆ. ಚಿಪ್ಪೆಂದರೆ ಸುಣ್ಣ, ಹುಳಿ ಅದನ್ನು ತಿನ್ನುತ್ತದೆ. ಹಿಂದೊಮ್ಮೆ ನಾಲ್ಕು ಶಂಖ ಹಾಳಾದಾಗ ಮೂಸಿ ಮೂಸಿ ಪತ್ತೆ ಹಚ್ಚಿದ್ದಳು. ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಓದಿದವಳಲ್ಲವಾ, ಅವಳೇ ಕಂಡುಕೊಳ್ಳಲಿ.

ಡ್ರಾಯರುಗಳನ್ನು ತರಿಸಿ, ಕಪಾಟಿಗೆ ಹಾಕಿಸಿ, ಚಿಪ್ಪುಗಳನ್ನು ಜೋಡಿಸಿದಳು. ಮುಂದೆ ದಿನವೂ ಕಪಾಟಿನ ಗಾಜಿನ ಮೇಲ್ಗಡೆಯಷ್ಟೇ ಒರೆಸಿದಳು. ಡ್ರಾಯರ್ ಎಳೆಯಲಿಲ್ಲ.

ಏಳನೇ ತಿಂಗಳು ತಂಗಿಯೇ ಎಳೆದಳು. ಕನ್ನಡಿಯಂತೆ ಹೊಳೆಯುತ್ತಿದ್ದ ಕವಡೆಗಳ ಮೇಲೆಲ್ಲ ಬಿಳಿ ಪುಡಿ. ಬೆರಳು ತಾಗಿಸಿದರೆ ಹೊಳಪೇ ಪುಡಿಯಾಗಿ ಬೆರಳಿಗಂಟಿತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೊಟ್ಟೆ ಉರೀತಿತ್ತು. ಇಷ್ಟು ವರ್ಷದಲ್ಲಿ ನನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ?"

"ಇಲ್ಲ," ಅಂದಳು ತಂಗಿ. ಅಕ್ಕನಿಗೆ ಗೆದ್ದ ಸುಖವೇನೂ ಸಿಗಲಿಲ್ಲ. ಸೆರಗಿನಲ್ಲಿ ಒಂದು ಕವಡೆಯನ್ನು ಒರೆಸಿದಳು, ಮತ್ತೆ ಒರೆಸಿದಳು. ಹೋದ ಹೊಳಪು ಬರಲಿಲ್ಲ.

ಅವಳು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳನ್ನು ಬೈಯುವ ಮುಂಚೆ, ನಿಮ್ಮ ಕಚೇರಿ ಒರೆಸುವವರ ಎದುರು ಕುಳಿತು ಅವರಿಗೇನು ಗೊತ್ತಿದೆ ಎಂದು ಕೇಳಿ. ಇವತ್ತೇ ಕೇಳಿ.