ರೋಹಿಣಿ ಮಳೆ ಹೇಳಿದ್ದು

ಮೊನ್ನೆ ಸಾರಿಗೆಂದು ಅಟ್ಟದಿಂದ ಹುಣಸೆಹಣ್ಣಿನ ಗಡಿಗೆ ಇಳಿಸಿದೆ. ಬಾಯಿಗೆ ಕಟ್ಟಿದ್ದ ನೀಲಿ ಬಟ್ಟೆ ಬಿಚ್ಚಿದರೆ, ಹಳೆಯ ಹುಳಿಯ ವಾಸನೆಯ ಜೊತೆಗೆ ಬೆಳ್ಳಿ ಕಾಗದದ ಚೂರೊಂದು ಅಂಗೈಗೆ ಬಿತ್ತು. ಮಳೆಹನಿಯ ಆಕಾರದಲ್ಲಿ ಕತ್ತರಿಸಿದ್ದು. ನನ್ನಾಕೆ ಯಾವ ಬಟ್ಟೆಯನ್ನೂ ಎಸೆಯುವವಳಲ್ಲ. ಅವಳಿಗೆ ಅದು ಗಡಿಗೆ ಮುಚ್ಚುವ ಚಿಂದಿ. ನನಗೆ, ಮೊಮ್ಮಗಳು ಪವಿತ್ರ ಏಳನೇ ಕ್ಲಾಸಿನಲ್ಲಿ ರೋಹಿಣಿ ಮಳೆಯಾಗಿ ಉಟ್ಟಿದ್ದ ಸೀರೆ.

ನಿಮ್ಮೆದುರು ಹೇಳಿಕೊಂಡರೆ ಮನಸ್ಸು ಹಗುರವಾದೀತೆಂಬ ಆಸೆ ನನಗಿಲ್ಲ. ಆದರೂ ಹೇಳುತ್ತೇನೆ.

ಆಗ ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಎಸ್ಸೆಸ್ಸೆಲ್ಸಿ ಪಾಸಾದ ಗತ್ತು, ಹೆಗಲ ಮೇಲೆ ಪಕ್ಷದ ಶಲ್ಯ. ನನ್ನ ಶಲ್ಯ ಕಂಡರೆ ಬೀಡಿ ಅಂಗಡಿಯವನೂ ಎದ್ದು ನಿಲ್ಲುತ್ತಾನೆಂದು ನಂಬಿದ್ದೆ. ಪಾಪ, ಅವನು ಸೊಂಟನೋವಿಗೆ ಏಳುತ್ತಿದ್ದನಂತೆ.

ಆ ವರ್ಷ ಚುನಾವಣೆ. ಕಾಲುವೆ ನೀರು ತಂದು ಕೆರೆ ತುಂಬಿಸುತ್ತೇವೆಂದು ನಮ್ಮ ಪಕ್ಷ ಊರೂರಲ್ಲಿ ಸಾರಿತ್ತು. ಅದೇ ಹೊತ್ತಿಗೆ ವಿಜ್ಞಾನದ ಮೇಡಂ ಹವಾಮಾನ ಬದಲಾವಣೆಯ ಪಾಠವನ್ನು ಗಣರಾಜ್ಯೋತ್ಸವಕ್ಕೆ ನಾಟಕ ಮಾಡಿಸಿದರು. ಮಾತೆಲ್ಲ ಮಕ್ಕಳೇ ಕಟ್ಟಿದ್ದು. ರೈತನ ವೇಷದ ಹುಡುಗ ಭರಣಿ, ಕೃತ್ತಿಕೆ ಎಂದು ಒಂದೊಂದೇ ಮಳೆಯನ್ನು ಕರೆದ. ರೋಹಿಣಿಯ ಸರದಿ ಬಂತು.

“ಯಾಕವ್ವಾ ರೋಹಿಣಿ, ಹೊತ್ತಿಗೆ ಸರ್ಯಾಗ್ ಬರಲ್ವಲ್ಲ?”

“ನಾನೇನ್ಲಾ ಮಾಡ್ಲಿ? ನಿಮ್ ಹೊಗೆಗೆ ಆಕಾಸನೇ ಕೆಟ್ಟೈತೆ. ನಾನೇ ಬರ್ದಿದ್ರೆ ನಿಮ್ ಕಾಲುವೇಲಿ ಏನ್ಲಾ ಹರೀತೈತೆ?” ಎಂದಳು ಪವಿತ್ರ.

ವಿರೋಧ ಪಕ್ಷದವರು ಶಿಳ್ಳೆ ಹಾಕಿದರು. ಅವರಿಗೇನು ಆಕಾಶದ ಚಿಂತೆಯೇ? ನಮ್ಮವನೊಬ್ಬ ನನ್ನ ಕಿವಿಯ ಬಳಿ ಬಗ್ಗಿ, “ಏನ್ ಅಧ್ಯಕ್ಷರೇ, ನಿಮ್ ಮೊಮ್ಮಗಳ ಕೈಲೇ ನಮ್ ಮಾನ ಕಳೀತಾವ್ರಲ್ಲ ಮೇಡಮ್ಮು!” ಎಂದ.

ವೇದಿಕೆಯಲ್ಲಿ ಹುಡುಗ ಕೇಳುತ್ತಿದ್ದ: “ಅಂಗಾದ್ರೆ ನಾವೇನ್ ಮಾಡ್ಬೇಕವ್ವಾ?”

ನಾನು ಎದ್ದು ಹೋಗಿ ಮೈಕಿನ ವೈರು ಕಿತ್ತೆ.

“ಇದು ಪುಸ್ತಕದಲ್ಲೇ ಇರೋ ಪಾಠ ಸಾರ್,” ಎಂದರು ಮೇಡಂ, ಮೆಲ್ಲಗೆ.

“ಪುಸ್ತಕದಲ್ಲಿದ್ರೆ ಪುಸ್ತಕದಲ್ಲೇ ಇರ್ಲಿ ಬುಡಮ್ಮ. ಮೈಕಿಗ್ಯಾಕೆ ತರ್ತೀಯ?”

ನಗು ಎದ್ದಿತು. ನನಗೆ ಹೆಮ್ಮೆಯಾಯಿತು. ತಿರುಗಿ ನೋಡಿದರೆ ಪವಿತ್ರ ನಿಲ್ಲಿಸಿರಲಿಲ್ಲ. ಗದ್ದಲದ ನಡುವೆ ಅವಳ ತುಟಿ ಆಡುತ್ತಿತ್ತು. ಉತ್ತರವನ್ನು ಪೂರ್ತಿ ಹೇಳಿ, ಕೈ ಮುಗಿದು ಒಳಗೆ ಹೋದಳು. ಒಂದು ಮಾತೂ ನನಗೆ ಕೇಳಿಸಲಿಲ್ಲ.

ಮೇಡಂ ಮಕ್ಕಳ ತಲೆ ಕೆಡಿಸುತ್ತಾರೆಂದು ದೂರು ಕೊಡಲು ಹೊರಟ ನಮ್ಮ ಪಕ್ಷದವರ ಜೀಪನ್ನು ನಾನೂ ಹತ್ತಿದೆ. ಅವರಿಗೆ ಪಾವಗಡದಾಚೆ, ಮಕ್ಕಳು ತೆಲುಗಾಡುವ ಶಾಲೆಗೆ ವರ್ಗವಾಯಿತು. ಶಿಳ್ಳೆ ಹಾಕಿದವರಲ್ಲಿ ಒಬ್ಬರೂ ಬೀಳ್ಕೊಡಲು ಬಸ್ಸಿನ ಹತ್ತಿರ ಬರಲಿಲ್ಲ. ಪವಿತ್ರ ಹೋಗಿದ್ದಳು. ಆಮೇಲೆ ನಮ್ಮ ಶಾಲೆಯಲ್ಲಿ ಆ ಪಾಠ ಬಂದಾಗಲೆಲ್ಲ ಮೇಷ್ಟ್ರುಗಳು, “ಇದನ್ನ ಮನೇಲಿ ಓದ್ಕಳಿ” ಎಂದು ಹಾಳೆ ಮಗುಚುತ್ತಿದ್ದರಂತೆ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ನಾನು ಕಿತ್ತ ವೈರೇ ಸಾಕಾಗಿತ್ತು.

ಪವಿತ್ರ ಈಗ ಮಧುಗಿರಿಯಲ್ಲಿ ಕಾಲೇಜು ಓದುತ್ತಾಳೆ. ಮೊನ್ನೆ ರಜೆಗೆ ಬಂದವಳು ಅಡುಗೆಮನೆಯಲ್ಲೇ ಇದ್ದಳು. ಬಟ್ಟೆ ತೋರಿಸಿ ಕೇಳಿದೆ:

“ಅವತ್ತು ರೋಹಿಣಿ ಏನಂದ್ಲವ್ವಾ? ಕೊನೇಲಿ?”

ಅವಳು ಆ ಸೀರೆಯ ತುಂಡಿಗೆ ಅಂಟಿದ್ದ ಹುಣಸೆ ನಾರನ್ನು ಕಿತ್ತಳು.

“ಮರ್ತೋಯ್ತು ತಾತ. ಮೇಡಮ್ಮಿಗೆ ಗೊತ್ತಿರ್ಬೋದು, ಹೋಗಿ ಕೇಳು.”

ಪಾವಗಡಕ್ಕೆ ಬಸ್ಸುಗಳಿವೆ. ಹೋಗುವ ಮುಖವನ್ನು ನಾನು ಉಳಿಸಿಕೊಂಡಿಲ್ಲ.

ನೀಲಿ ಬಟ್ಟೆಯನ್ನು ಒಗೆದು ಒಣಹಾಕಿದೆ. ಗೂಟದಲ್ಲಿ ನೇತಾಡುತ್ತಿದ್ದ ಶಲ್ಯವನ್ನು ತಂದು ಗಡಿಗೆಗೆ ಹೊದಿಸಿದೆ. ಪವಿತ್ರ ನೋಡಿದಳು, ನಗಲಿಲ್ಲ.

“ಬಿಗ್ಯಾಗಿ ಕಟ್ಟು ತಾತ,” ಎಂದಳು. “ಇಲ್ದಿದ್ರೆ ಒಳಕ್ಕೆ ಇರುವೆ ಹೋಗ್ತವೆ.”