ಮೂವತ್ತೆಂಟು ಬಾಯಿ, ಒಂದೇ ಮಾತು

ಬೆಳಗಿನ ಐದೂಮುಕ್ಕಾಲು. ಬಾಗಿಲು ಮುಚ್ಚಿದ ಪೀಠೋಪಕರಣದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ಗೋಡೆಯಲ್ಲಿ ಮೂವತ್ತೆಂಟು ವಾರ್ಡುಗಳ ಪಟ್ಟಿ, ಮೇಜಿನ ಮೇಲೆ ಒಂದು ಫೋನು, ಎರಡು ರಟ್ಟಿನ ಕಡತ. ಅಲ್ಲಿ ಕೂತಿರುವ ಐವತ್ತೆರಡರ ಹೆಂಗಸನ್ನು ಪಕ್ಷದವರೆಲ್ಲ ಮೈಕಕ್ಕ ಎಂದು ಕರೆಯುತ್ತಾರೆ. ಕೆಲಸ ಶುರುವಾಗುವ ಮುಂಚೆ ಅವರು ಅಂಗೈಯನ್ನು ಟವೆಲ್ಲಿಗೆ ಎರಡು ಸಲ ಒರೆಸಿಕೊಳ್ಳುತ್ತಾರೆ. ಬೆವರಿದ ಬೆರಳು ಒತ್ತಬಾರದ್ದನ್ನು ಒತ್ತುತ್ತದಂತೆ.

ಆರಕ್ಕೆ ಸರಿಯಾಗಿ ಮೊದಲ ಕರೆ. ಒಂದನೇ ವಾರ್ಡಿನ ಪ್ರಮುಖ ಮಗ್ಗಿ ಒಪ್ಪಿಸುವವನಂತೆ ಒಂದೇ ಉಸಿರಿನಲ್ಲಿ ಹೇಳುತ್ತಾನೆ: ನೀರಿನ ಪೈಪು ಹಾಕಿಸಿದ್ದು ನಾವು, ಮೀಟರ್ ಕೂರಿಸಿದ್ದು ಅವರು.

"'ನಾವು' ಅನ್ನೋದನ್ನ ಅಷ್ಟು ಒತ್ತಿ ಹೇಳ್ಬೇಡ ತಮ್ಮಾ. ಜಂಬ ಅನ್ಸತ್ತೆ," ಎಂದು ಮೈಕಕ್ಕ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ.

ಚುನಾವಣೆ ಎಂದರೆ ನಮಗೆ ಕಾಣುವುದು ವೇದಿಕೆ, ಹಾರ, ಕೂಗು. ಬೀದಿಬೀದಿಯಲ್ಲಿ ಒಂದೇ ಪಕ್ಷದವರು ಒಂದೇ ದಿನ ಒಂದೇ ಮಾತನ್ನು ಹೇಗೆ ಆಡುತ್ತಾರೆ ಎಂದು, ಇದನ್ನು ಬರೆಯಲು ಬಂದು ಕೂತ ನಾನಂತೂ ಯೋಚಿಸಿರಲಿಲ್ಲ. ಮೇಲಿನ ಮಹಡಿಯಲ್ಲಿ ಪ್ರಚಾರದ ಸಂಚಾಲಕರು ದಿನಕ್ಕೊಂದು ಮಾತು ಬರೆಯುತ್ತಾರೆ. ಮೈಕಕ್ಕ ಅದನ್ನು ಮೂವತ್ತೆಂಟು ವಾರ್ಡು ಪ್ರಮುಖರ ಫೋನಿಗೆ ಕಳಿಸುತ್ತಾರೆ. ಪ್ರತಿಯೊಬ್ಬರೂ ಕರೆ ಮಾಡಿ ತಿರುಗಿ ಒಪ್ಪಿಸಬೇಕು, ತಲಾ ಎರಡು ನಿಮಿಷ. ಅವರು ತಮ್ಮ ಕೆಳಗಿನ ಇಪ್ಪತ್ತಿಪ್ಪತ್ತು ಮಂದಿಗೆ ಕಲಿಸುತ್ತಾರೆ. ಒಂಬತ್ತರ ಹೊತ್ತಿಗೆ ಏಳುನೂರ ಅರವತ್ತು ಬಾಯಲ್ಲಿ ಅದೇ ಮಾತು.

ಹದಿನಾರು ವರ್ಷ ಅವರು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುತ್ತಿದ್ದರು. ರೆಕಾರ್ಡು ಮಾಡಿದ ದನಿ ಬಂದಿತು, ಇವರನ್ನು ಮನೆಗೆ ಕಳಿಸಿತು. "ಅದು ತಪ್ಪು ಹೇಳಲ್ಲ ಅಂದ್ರು. ನಾನೂ ಹೇಳಿರ್ಲಿಲ್ಲ," ಎನ್ನುತ್ತಾರೆ.

ತಪ್ಪಾದದ್ದು ಇಲ್ಲಿಗೆ ಬಂದ ಮೇಲೆ, ಕಳೆದ ಚುನಾವಣೆಯಲ್ಲಿ. ಮೇಜಿನ ಮೇಲಿನ ಎರಡನೇ ಕಡತದಲ್ಲಿರುವುದು ಇಟ್ಟುಕೊಂಡ ಮಾತುಗಳು. ಎದುರಾಳಿ ಹೀಗೆ ಆರೋಪಿಸಿದರೆ ಹೀಗೆ ಉತ್ತರ ಎಂದು ಮುಂಚೆಯೇ ಬರೆದಿಡುವಂಥವು. ಒಂದು ಬೆಳಿಗ್ಗೆ ದಿನದ ಮಾತಿನ ಬದಲು ಅದರಲ್ಲಿದ್ದ ಒಂದು ಹೊರಟುಹೋಯಿತು: "ನಮ್ಮ ಸಾಹೇಬರ ಎದೆಗೆ ಏನೂ ಆಗಿಲ್ಲ." ಆಗಿದೆ ಎಂದು ಯಾರೂ ಅಂದಿರಲಿಲ್ಲ. ಹತ್ತು ಗಂಟೆಗೆ ಊರೆಲ್ಲ ಅಂದಿತು. ಸಾಹೇಬರೆಂದರೆ ಅಭ್ಯರ್ಥಿ; ಅವರ ಹೆಂಡತಿಗೆ ಗಂಡನ ಎದೆಯ ಕಾಯಿಲೆ ಗೊತ್ತಾದದ್ದೂ ಆಗಲೇ. ಒಂಬೈನೂರ ಚಿಲ್ಲರೆ ಮತಗಳಿಂದ ಸೋತು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಆ ಮನುಷ್ಯ ಮೈಕಕ್ಕನನ್ನು ತೆಗೆಯಲು ಬಿಡಲಿಲ್ಲ. ಕೈ ಸುಟ್ಟುಕೊಂಡವಳು ಒಲೆ ಮುಂದೆ ಹುಷಾರಾಗಿರ್ತಾಳೆ ಎಂದರಂತೆ. ಈ ಸಲವೂ ಅವರೇ ಅಭ್ಯರ್ಥಿ.

ಅಂದಿನಿಂದ ಮೈಕಕ್ಕ ಯಾವ ಮಾತನ್ನೂ ಮನೆಯಲ್ಲಿ ಅತ್ತೆಗೆ ಜೋರಾಗಿ ಓದಿ ಹೇಳದೆ ಕಳಿಸುವುದಿಲ್ಲ. ಅತ್ತೆಗೆ ಕಿವಿ ಮಂದ. "ಇದನ್ನ ಯಾರು ಕೇಳಿದ್ರೇ ನಿನ್ನ?" ಎಂದು ಅತ್ತೆ ಅಂದರೆ ಆ ಮಾತು ಮೇಲಿನ ಮಹಡಿಗೆ ವಾಪಸ್ಸು.

ಆರೂ ಐವತ್ತನಾಲ್ಕು. ಇಪ್ಪತ್ತೇಳನೇ ವಾರ್ಡಿನ ಸೈಕಲ್ ರಿಪೇರಿಯಣ್ಣನ ಸರದಿ. ಅರವತ್ತು ದಾಟಿದವರು, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಒಪ್ಪಿಸುತ್ತಾರೆ:

"ನಮ್ಮ ಸಾಹೇಬರ ಎದೆಗೆ ಏನೂ ಆಗಿಲ್ಲ."

ಮೈಕಕ್ಕನ ಪೆನ್ನು ನಿಲ್ಲುತ್ತದೆ. ಎರಡನೇ ಕಡತ ಬಿಚ್ಚಿ ನೋಡುತ್ತಾರೆ, ಫೋನು ನೋಡುತ್ತಾರೆ, ಮತ್ತೆ ಕಡತ. ಇವರು ಕಳಿಸಿದ್ದು ಪೈಪಿನ ಮಾತೇ. ವಿಚಾರಿಸಿದರೆ, ಅಣ್ಣನಿಗೆ ಮಗಳು ಕೊಡಿಸಿದ ಹೊಸ ಫೋನಿಗೆ ಹಳೆಯ ಸಂದೇಶಗಳೂ ಬಂದು ಕೂತಿವೆ. ಕನ್ನಡಕ ಹುಡುಕದೆ ಅಣ್ಣ ತೆರೆದದ್ದು ಐದು ವರ್ಷದ ಹಿಂದಿನದು.

"ಅಣ್ಣಾ, ಇದನ್ನ ಯಾರ ಹತ್ರನಾದ್ರೂ ಹೇಳಿದ್ರಾ?"

"ಹಾಲಿನವನಿಗೆ. ಆಮೇಲೆ ಪೇಪರಿನವನಿಗೆ. ಇಬ್ರೂ ಮನೆಮನೆಗೆ ಹೋಗೋರಲ್ವಾ ಅಂತ."

ಮೈಕಕ್ಕ ಬೈಯುವುದಿಲ್ಲ. ಪೈಪಿನ ಮಾತನ್ನು ಮೂರು ಸಲ ಒಪ್ಪಿಸಿಕೊಂಡು ಫೋನಿಡುತ್ತಾರೆ. ಆಡಬೇಡಿ ಎಂದು ಎಲ್ಲರಿಗೂ ಹೇಳಿ ಎಂದು ನಾನು ದಡ್ಡನಂತೆ ಸಲಹೆ ಕೊಡುತ್ತೇನೆ. "ಹೇಳಬೇಡಿ ಅಂತ ಮೂವತ್ತೆಂಟು ಜನಕ್ಕೆ ಹೇಳಿದ್ರೆ, ಅದೇ ಹೇಳಿದ ಹಾಗಾಗತ್ತೆ ಸ್ವಾಮಿ," ಎನ್ನುತ್ತಾರೆ. ಉಳಿದ ಹನ್ನೊಂದು ಕರೆಗಳನ್ನು ಅದೇ ದನಿಯಲ್ಲಿ ಮುಗಿಸುತ್ತಾರೆ. ಪ್ರತಿ ಕರೆಯ ನಂತರ ಮಾತ್ರ ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾರೆ.

ಏಳೂಮುಕ್ಕಾಲಿಗೆ ಹದಿನಾಲ್ಕನೇ ವಾರ್ಡಿನ ದರ್ಜಿ ಹೆಂಗಸಿನ ಕರೆ: ಸಾಹೇಬರಿಗೆ ಮತ್ತೆ ಹುಷಾರಿಲ್ಲವಂತೆ, ಹೌದಾ?

ಮೈಕಕ್ಕ ಮೆಟ್ಟಿಲು ಹತ್ತಿ ಸಂಚಾಲಕರ ಮುಂದೆ ನಿಂತು ಎಲ್ಲವನ್ನೂ ಹೇಳುತ್ತಾರೆ. ಮಾತಿಗೆ ಮಾತು ಕೊಡುವುದು ಬೇಡ, ಇಪ್ಪತ್ತೇಳನೇ ವಾರ್ಡಿನ ಗುಡ್ಡದ ಬೀದಿಯ ಮೆಟ್ಟಿಲನ್ನು ಸಾಹೇಬರು ಇವತ್ತೇ ಜನರ ಕಣ್ಣೆದುರು ನಡೆದು ಹತ್ತಲಿ ಎಂಬುದು ಅವರ ಬೇಡಿಕೆ. ಎಂಬತ್ತನಾಲ್ಕು ಮೆಟ್ಟಿಲು. ಸಂಚಾಲಕರು ಅಭ್ಯರ್ಥಿಗೆ ಫೋನು ಮಾಡುತ್ತಾರೆ. ಅವರು ಕೇಳಿದ್ದು ಒಂದೇ ಅಂತೆ: ಎಷ್ಟು ಗಂಟೆಗೆ?

ಒಂಬತ್ತಕ್ಕೆ. ಆ ಹೊತ್ತು ಮೈಕಕ್ಕ ಕೆಳಗೆ ಬಂದು ಕೂತು ಫೋನನ್ನೇ ನೋಡುತ್ತಾರೆ. ಕೆಟಲ್ ಕುದಿದು ತಾನಾಗಿಯೇ ಆರಿಹೋಗುತ್ತದೆ. "ಮತ ಹೋದ್ರೆ ಹೋಗ್ಲಿ," ಎನ್ನುತ್ತಾರೆ ಮೆಲ್ಲಗೆ. "ಹತ್ತಿಸಿದ್ದು ನಾನು. ಮಧ್ಯದಲ್ಲಿ ಏನಾದ್ರೂ ಆದ್ರೆ ಅವರ ಹೆಂಡ್ತಿ ಮುಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಒಂಬತ್ತೂಕಾಲು. ಕರೆ ಬರುವುದಿಲ್ಲ. ಒಂಬತ್ತೂ ಇಪ್ಪತ್ತಾರಕ್ಕೆ ಸೈಕಲ್ ರಿಪೇರಿಯಣ್ಣ.

"ಹತ್ತಿದ್ರು."

"ಕೂತ್ರಾ?"

"ಕೂರ್ಲಿಲ್ಲ. ಐವತ್ತನೇ ಮೆಟ್ಟಿಲ ಹತ್ರ ನಿಂತು ಒಂದು ಮಗು ಹತ್ರ ಮಾತಾಡಿದ್ರು, ಅಷ್ಟೇ."

"ಮಾತಾಡಿದ್ರೋ, ಉಸಿರು ತಗೊಂಡ್ರೋ?"

"ಎರಡೂ ಇರ್ಬೇಕು. ಹಾಲಿನವನು ಮಾತ್ರ, ಮುದುಕ ಒಳ್ಳೆ ಮೇಕೆ ಥರ ಹತ್ತಿಬಿಟ್ಟ ಅಂತಿದಾನೆ."

ಮೈಕಕ್ಕ ನಗುತ್ತಾರೆ. ನಗುತ್ತಲೇ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ.

ಮತದಾನ ಮುಗಿಯುವ ತನಕ ಇದನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈಗ ಮತದಾನ ಮುಗಿದಿದೆ, ಎಣಿಕೆ ಬಾಕಿ ಇದೆ. ಎರಡನೇ ಕಡತದಲ್ಲಿ ಈ ಸಲ ಏನೇನಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳುವವರೂ ಅಲ್ಲ. ಇನ್ನೂ ಫೋನು ಸದ್ದಾದರೆ ಬೆಚ್ಚುತ್ತಾರೆ. ಎಣಿಕೆ ಆದಮೇಲೆ ಏನು ಮಾಡುತ್ತೀರಿ ಎಂದೆ.

"ಫೋನನ್ನ ಹಿಟ್ಟಿನ ಡಬ್ಬದೊಳಗೆ ಹಾಕಿ ಮುಚ್ತೀನಿ. ಆಮೇಲೆ ಅತ್ತೆ ಹತ್ರ ಕೂತ್ಕೊಳ್ತೀನಿ. ಅವರು ಏನಾದ್ರೂ ಹೇಳ್ಲಿ. ನಾನು ಯಾರಿಗೂ ಒಪ್ಪಿಸ್ಬೇಕಾಗಿಲ್ಲ."